ಪರದೆ ಕಪ್ಪಾದರೂ ಬ್ಯಾಕಪ್‌ಗೆ ಬದಲಾಗದ ರಿಸೀವರ್: ನನ್ನ ಅನುಭವ

ಎರಡು ಐಪಿ (ಜಾಲದ ಮೂಲಕ ಬರುವ) ಇನ್‌ಪುಟ್‌ಗಳಿರುವ ನಮ್ಮ ಡಿಜಿಟಲ್ ವಿಡಿಯೊ ರಿಸೀವರ್‌ನಲ್ಲಿ ಮುಖ್ಯ ಸಿಗ್ನಲ್ ಕೆಟ್ಟು ಪರದೆ ಕಪ್ಪಾದ ಮೇಲೂ ಸ್ಥಿತಿಯ ದೀಪ ಹಸಿರಾಗಿಯೇ ಉರಿಯುತ್ತಿತ್ತು. ಬ್ಯಾಕಪ್ ಇನ್‌ಪುಟ್ ಮಾತ್ರ ಕೆಲಸಕ್ಕೆ ಇಳಿಯಲೇ ಇಲ್ಲ. ಮೊದಲು ನಾನು ಕೇಬಲ್ಲನ್ನು ಅನುಮಾನಿಸಿದೆ, ಅದು ವ್ಯರ್ಥವಾಯಿತು.

ಪ್ಯಾಕೆಟ್‌ಗಳನ್ನು ಸೆರೆಹಿಡಿದು ನೋಡಿದಾಗ ಕಾರಣ ತಿಳಿಯಿತು. ವಿಡಿಯೊವನ್ನು ಸಂಕುಚಿಸುವ ಎನ್‌ಕೋಡರ್ ನಿಂತಿದ್ದರೂ, ಸಿಗ್ನಲ್‌ಗಳನ್ನು ಒಂದೇ ಹರಿವಾಗಿ ಸೇರಿಸುವ ಮಲ್ಟಿಪ್ಲೆಕ್ಸರ್ ಪಿಐಡಿ (ಪ್ಯಾಕೆಟ್‌ನ ಗುರುತಿನ ಸಂಖ್ಯೆ) 8191ರ ಖಾಲಿ ಪ್ಯಾಕೆಟ್‌ಗಳನ್ನು, ಜಾಲದಲ್ಲಿ ಸಾಗುವ ಒಂದೊಂದು ಯುಡಿಪಿ ಪ್ಯಾಕೆಟ್ಟಿಗೆ 188 ಬೈಟ್‌ಗಳ ಏಳರಂತೆ ತುಂಬಿ, ಅದೇ ವೇಗದಲ್ಲಿ ಕಳುಹಿಸುತ್ತಲೇ ಇತ್ತು. ರಿಸೀವರ್‌ನಲ್ಲಿ ಬದಲಾವಣೆಯ ಷರತ್ತು 'ಡೇಟಾ ಇಲ್ಲದಿದ್ದರೆ' ಎಂದಷ್ಟೇ ಇದ್ದುದರಿಂದ ಅದಕ್ಕೆ ಎಲ್ಲವೂ ಸರಿಯಾಗಿ ಕಂಡಿತ್ತು. ಷರತ್ತಿಗೆ ಪಿಎಟಿ (ಹರಿವಿನಲ್ಲಿರುವ ಕಾರ್ಯಕ್ರಮಗಳ ಪಟ್ಟಿ) ಮತ್ತು ವಿಡಿಯೊ ಪಿಐಡಿ ಕಾಣೆಯಾಗುವುದನ್ನೂ ಸೇರಿಸಿದೆ.

ಆಗ ರಿಸೀವರ್ ಬದಲಾಯಿತು, ಆದರೆ ಬ್ಯಾಕಪ್‌ನಲ್ಲಿಯೂ ಕತ್ತಲೆಯೇ! ಎರಡೂ ಪೋರ್ಟ್‌ಗಳಿಗೆ ಒಂದೇ ಸಬ್‌ನೆಟ್‌ನ (ಜಾಲದ ವಿಳಾಸಗಳ ಒಂದು ವಿಭಾಗದ) ವಿಳಾಸ ಕೊಟ್ಟಿದ್ದರಿಂದ ಎರಡನೆಯ ಮಲ್ಟಿಕಾಸ್ಟ್ ಗುಂಪಿನ (ಕೇಳಿದವರಿಗೆಲ್ಲ ಒಟ್ಟಿಗೆ ಹೋಗುವ ಹರಿವಿನ) ಐಜಿಎಂಪಿ ಕೋರಿಕೆಯೂ, ಅಂದರೆ ಆ ಗುಂಪಿಗೆ ಸೇರಿಸಿಕೊಳ್ಳಿ ಎಂದು ಕೇಳುವ ಸಂದೇಶವೂ, ಮೊದಲ ಪೋರ್ಟಿನಿಂದಲೇ ಹೊರಡುತ್ತಿತ್ತು, ಹೀಗಾಗಿ ಬ್ಯಾಕಪ್ ಜಾಲದ ಸ್ವಿಚ್‌ಗೆ ಯಾರೂ ಏನನ್ನೂ ಕೇಳಿರಲಿಲ್ಲ. ನಿಜ ಹೇಳಬೇಕೆಂದರೆ, ಇದು ಸಂರಚನೆಯ ದಿನವೇ ನನ್ನ ಕಣ್ಣಿಗೆ ಬೀಳಬೇಕಿತ್ತು. ಎರಡನೆಯ ಪೋರ್ಟಿಗೆ ಪ್ರತ್ಯೇಕ ಸಬ್‌ನೆಟ್ ಮತ್ತು ವಿಎಲ್‌ಎಎನ್ (ಸ್ವಿಚ್‌ನಲ್ಲಿ ಬೇರ್ಪಡಿಸಿದ ಜಾಲ) ನೀಡಿ, ಬ್ಯಾಕಪ್ ಇನ್‌ಪುಟ್‌ಗೆ ಆ ಪೋರ್ಟನ್ನೇ ಹೆಸರಿಸಿ ಆಯ್ಕೆಮಾಡಿದ ಕೂಡಲೇ ಚಿತ್ರ ಮೂಡಿತು.

ಮುಖ್ಯ ಇನ್‌ಪುಟ್‌ಗೆ ತಾನಾಗಿ ಮರಳುವ ಆಯ್ಕೆಯನ್ನು ನಾನು ಆಫ್ ಮಾಡಿಟ್ಟಿದ್ದೇನೆ, ಏಕೆಂದರೆ ಅಸ್ಥಿರ ಸಿಗ್ನಲ್ ಬಂದು ಹೋಗುತ್ತಿದ್ದರೆ ಪ್ರತಿ ಮರಳುವಿಕೆಯಲ್ಲೂ ಚಿತ್ರ ತುಂಡಾಗುತ್ತದೆ.