ಸುವಾರ್ತೆ ಪದದ ತಂಡ: ಪೇಟಿ (ಹಾರ್ಮೋನಿಯಂ), ತಬಲಾ, ಹಿಮ್ಮೇಳ ಕೂರಿಸುವ ಬಗೆ

ಹುಬ್ಬಳ್ಳಿ-ಧಾರವಾಡ, ಗದಗ-ಬೆಟಗೇರಿ ಕಡೆಯ ಚರ್ಚ್ ತಂಡಗಳಲ್ಲಿ ಒಳ್ಳೆಯ ದನಿಗೆ ಬರವಿಲ್ಲ, ಹಿಮ್ಮೇಳಕ್ಕೆ ಬರ. ಹತ್ತು ಮಂದಿ ನಿಂತರೆ ಹತ್ತೂ ಮಂದಿ ಮುಂದಾಳುಗಳೇ. ಒಬ್ಬರು ಹಾಡಿ ಉಳಿದವರು ಹಿಂದಿನಿಂದ ದನಿಗೂಡಿಸುವ ಗೀಗೀ ಮೇಳದಲ್ಲಿ ಹೀಗಾದರೆ ಮೊದಲ ಪದಕ್ಕೇ ಜನ ಚಾಪೆ ಸುತ್ತಿಕೊಂಡು ಏಳುತ್ತಾರೆ.

ಪದ ಯಾವ ಮನೆತನದ್ದು ಎಂಬುದನ್ನು ಮೊದಲು ನೋಡಬೇಕು. ಜರ್ಮನ್ ಪಾದ್ರಿಗಳಿದ್ದ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ ಧಾರವಾಡಕ್ಕೆ ಬಂದದ್ದು 1837ರಲ್ಲಿ, ಹುಬ್ಬಳ್ಳಿಗೆ 1839ರಲ್ಲಿ. ಆ ಕಾಲದ ಜರ್ಮನ್ ಧಾಟಿಗಳು ನಾಲ್ಕು ದನಿಗೆ ಒಗ್ಗಿದವು. ಭೀಮಪಲಾಸ, ಭೈರವಿ ರಾಗಗಳಲ್ಲಿ ಕಟ್ಟಿದ ಕನ್ನಡ ಪದಗಳು ಬೇರೆ ದಾರಿಯವು. ಅಮೆರಿಕದ ಕಪ್ಪು ಜನರ ಗಾಸ್ಪೆಲ್ ಮೂರನೆಯದು: ನ್ಯಾಶ್‌ವಿಲ್‌ನ ಫಿಸ್ಕ್ ಜುಬಿಲಿ ಗಾಯಕರು 1871ರಲ್ಲಿ ತಮ್ಮ ಜನರ ಹಾಡುಗಳನ್ನು ಊರೂರಿಗೆ ಒಯ್ದರು, ಅದೇ ಬೇರಿನಿಂದ ಮುಂದೆ ಗಾಸ್ಪೆಲ್ ಬೆಳೆಯಿತು. ಮೂರಕ್ಕೂ ಕೀಬೋರ್ಡಿನ ಒಂದೇ ರೆಡಿಮೇಡ್ ರಿದಮ್ ಹಚ್ಚುವುದು ಹೋಳಿಗೆಗೂ ಜುಣಕಕ್ಕೂ ಒಂದೇ ಒಗ್ಗರಣೆ ಹಾಕಿದಂತೆ. ಭೈರವಿಯ ಪದಕ್ಕೆ ಕಾರ್ಡ್ (ಹಲವು ಸ್ವರ ಒಟ್ಟಿಗೆ) ಒತ್ತಬೇಡಿ, ಸಾ-ಪಾ ಹಿಡಿದು ಬಿಟ್ಟರೆ ಸಾಕು. ಜರ್ಮನ್ ಧಾಟಿಗೆ ಮೀಂಡು (ಸ್ವರದಿಂದ ಸ್ವರಕ್ಕೆ ಜಾರುವುದು), ಮುರ್ಕಿ (ಸ್ವರವನ್ನು ಚುರುಕಾಗಿ ಸುತ್ತಿಸುವುದು) ಬೇಡ. ಒಬ್ಬರು ಸ್ವರ ಎಳೆದರೆ ಉಳಿದ ಮೂರು ದನಿ ಕೆಡುತ್ತವೆ.

ಈಗ ಸೂರು, ಅಂದರೆ ಶ್ರುತಿ. ಗಂಡಸರಿಗೆ ಸಾಮಾನ್ಯವಾಗಿ ಕರಿ ಒಂದು (ಪೇಟಿಯ ಮೊದಲ ಕಪ್ಪು ಮನೆ), ಹೆಣ್ಣುಮಕ್ಕಳಿಗೆ ಕರಿ ನಾಲ್ಕು ಅಥವಾ ಐದು ಹಿತ. ಇಬ್ಬರೂ ಕೂಡಿ ಹಾಡುವಾಗ ಮುಂದಾಳಿನ ಅನುಕೂಲ ನೋಡಬೇಡಿ. ಪದದ ಅತಿ ಎತ್ತರದ ಸಾಲನ್ನು ತಂಡದ ಸಣ್ಣ ದನಿಯವರಿಂದ ಹಾಡಿಸಿ. ಕಿರುಚಿದರೆ ಒಂದು ಮನೆ ಇಳಿಸಿ, ಮತ್ತೆ ಹಾಡಿಸಿ. ಹಳೆಯ ಪೇಟಿ ಮತ್ತು ಕೀಬೋರ್ಡು ಒಟ್ಟಿಗಿದ್ದರೆ ಇನ್ನೊಂದು ತೊಡಕು: ಪೇಟಿಯ ರೀಡು ಸ್ವಲ್ಪ ಏರಿಯೋ ಇಳಿದೋ ಇರುತ್ತದೆ. ಅದನ್ನು ಕುಳಿತಲ್ಲೇ ತಿದ್ದಲಾಗದು, ಕೀಬೋರ್ಡೇ ಪೇಟಿಗೆ ಹೊಂದಬೇಕು. ಟ್ರಾನ್ಸ್‌ಪೋಸ್ ಬಟನ್ ಅರ್ಧರ್ಧ ಸ್ವರ ಜಿಗಿಯುತ್ತದೆ, ಇಲ್ಲಿ ಕೆಲಸಕ್ಕೆ ಬಾರದು. ಮೆನುವಿನಲ್ಲಿರುವ ಟ್ಯೂನಿಂಗ್ ತೆರೆದು, ಎರಡರ ಸಾ ಒಟ್ಟಿಗೆ ಹಿಡಿದು, ದನಿಯ ಅಲುಗಾಟ ನಿಲ್ಲುವವರೆಗೆ ಸರಿಸಿ.

ತಬಲಾದವರು ತಪ್ಪುವುದು ಹೆಚ್ಚಾಗಿ ಪದದ ಆರಂಭದಲ್ಲಿ. ಮೂರು ಎಣಿಕೆಯ ಧಾಟಿಗೆ ಆರು ಮಾತ್ರೆಯ ದಾದ್ರಾ ತಾಳ, ನಾಲ್ಕರದಕ್ಕೆ ಎಂಟು ಮಾತ್ರೆಯ ಕೆಹರ್ವಾ ಸರಿಯೇ. ಆದರೆ ಎಷ್ಟೋ ಧಾಟಿಗಳಲ್ಲಿ ಮೊದಲ ಅಕ್ಷರ ಸಮದ (ತಾಳದ ಮೊದಲ ಮಾತ್ರೆಯ) ಮೇಲೆ ಬೀಳುವುದಿಲ್ಲ, ಒಂದು ಮಾತ್ರೆ ಮುಂಚೆಯೇ ಏಳುತ್ತದೆ. ಹಾಡು ಶುರುವಾಯಿತೆಂದು ಅಲ್ಲೇ ‘ಧಾ’ ಹೊಡೆದರೆ ಕೊನೆಯ ಚರಣದವರೆಗೂ ಪದ ಕುಂಟುತ್ತದೆ. ದಾದ್ರಾದಲ್ಲಿ ಆ ಅಕ್ಷರ ಆರನೆಯ ಮಾತ್ರೆಗೆ ಸೇರಿದ್ದು. ಅಲ್ಲಿ ಬಾರಿಸದೆ ಮುಂದಿನ ಮಾತ್ರೆಗೆ, ಅಂದರೆ ಸಮಕ್ಕೆ, ಏಳಿ. ಚಪ್ಪಾಳೆಯಲ್ಲೂ ಇದೇ ಗೋಳು: ನಮ್ಮ ಭಜನೆಯ ಕೈ ಒಂದು-ಮೂರಕ್ಕೆ ಬೀಳುತ್ತದೆ, ಗಾಸ್ಪೆಲ್‌ನದು ಎರಡು-ನಾಲ್ಕಕ್ಕೆ. ತಂಡ ಎರಡು-ನಾಲ್ಕು ಹಿಡಿದು ಸಭೆ ಒಂದು-ಮೂರು ಹಿಡಿದರೆ ಸಂತೆ. ಸಭೆಯನ್ನು ತಿದ್ದಲು ಹೋಗಬೇಡಿ, ತಂಡದವರು ಕೈ ನಿಲ್ಲಿಸಿ.

ಹತ್ತು ಜನರಲ್ಲಿ ಐವರು ಮೂಲ ಧಾಟಿ, ಮೂವರು ಅದರ ಕೆಳಗಿನ ದನಿ, ಇಬ್ಬರು ಗಂಡಸರು ಮಂದ್ರ. ಕೆಳಗಿನ ದನಿಯವರಿಗೆ ಮೊದಲು ಬೇರೆಯಾಗಿಯೇ ತಾಲೀಮು ಕೊಡಿ, ಇಲ್ಲದಿದ್ದರೆ ಎರಡನೆಯ ಸಾಲಿಗೇ ಮೂಲ ಧಾಟಿಗೆ ಜಾರುತ್ತಾರೆ. ಗಾಸ್ಪೆಲ್ ಪದಕ್ಕೆ ಲೆಕ್ಕ ಬೇರೆ: ಒಬ್ಬರು ಮುಂದೆ, ಒಂಬತ್ತು ಮಂದಿ ಹಿಂದೆ, ಗೀಗೀಯಂತೆಯೇ. ಬಹಳ ಸಲ ಮುಂದಾಳಿನ ಸಾಲು ಮುಗಿಯುವ ಮುನ್ನವೇ ಉತ್ತರ ಏಳಬೇಕು. ಸಾಲು ಮುಗಿಯಲೆಂದು ಕಾದು ನಿಂತರೆ ನಡುವೆ ಗುಂಡಿ ಬೀಳುತ್ತದೆ.

ನಮ್ಮ ಕಿವಿಗೆ ಎಲ್ಲಕ್ಕಿಂತ ಚುಚ್ಚುವುದು ಮಾತು. ಅನುವಾದದ ಪದದಲ್ಲಿ ಉದ್ದ ಸ್ವರದ ಕೆಳಗೆ ಲಘು ಬಂದು ಕುಳಿತಿರುತ್ತದೆ. ‘ಕರುಣೆ’ ‘ಕರೂಣೆ’ ಆದರೆ ಹೇಗೋ ಸಹಿಸಬಹುದು. ‘ದೇವರ ಕುರಿಮರಿ’ ಎಳೆದೆಳೆದು ‘ದೇವರ ಕುರಿ ಮಾರಿ’ ಆಯಿತೆಂದರೆ ಹಾವೇರಿ ಸಂತೆಯ ವ್ಯಾಪಾರ! ರಾಗ ಬಿಟ್ಟು ಸಾಲನ್ನು ಓದಿ, ಲಘು-ಗುರು ಬೆರಳಲ್ಲಿ ಎಣಿಸಿ, ಉದ್ದ ಸ್ವರಕ್ಕೆ ಗುರುವೇ ಬರುವಂತೆ ಶಬ್ದ ಹಿಂದುಮುಂದು ಮಾಡಿ. ಆಗದಿದ್ದರೆ ಸ್ವರವನ್ನೇ ಎರಡಾಗಿ ಒಡೆದು ಮುಂದಿನ ಅಕ್ಷರಕ್ಕೆ ಅರ್ಧ ಕೊಡಿ.

ತಾಲೀಮಿನಲ್ಲಿ ಒಂದು ಚರಣವನ್ನು ಪೇಟಿ ನಿಲ್ಲಿಸಿ ಹಾಡಿಸಿ, ಕೊನೆಗೆ ಸಾ ಒತ್ತಿ. ಬಹುತೇಕ ತಂಡ ಇಳಿದಿರುತ್ತದೆ. ಶಬ್ದದ ನಡುವೆ ಉಸಿರು ಕಿತ್ತುಕೊಂಡು ಸಾಲಿನ ತುದಿಗೆ ದಮ್ಮು ಸಾಲದಿರುವುದು ಮುಖ್ಯ ಕಾರಣ. ಉಸಿರಿನ ಜಾಗಕ್ಕೆ ಪುಸ್ತಕದಲ್ಲಿ ಪೆನ್ಸಿಲ್ ಗೆರೆ ಹಾಕಿಸಿ, ಎಲ್ಲರಿಗೂ ಒಂದೇ ಕಡೆ.

ಹತ್ತು ಜನಕ್ಕೆ ಹತ್ತು ಮೈಕು ಬೇಡ. ಮುಂದಾಳಿಗೆ ಒಂದು, ಹಿಮ್ಮೇಳಕ್ಕೆ ಎರಡು, ಪೇಟಿಗೆ ಒಂದು. ಸ್ಪೀಕರ್ ಮೈಕಿನ ಸಾಲಿಗಿಂತ ಮುಂದಿರಲಿ, ಹಿಂದಿದ್ದರೆ ಶಿಳ್ಳೆ ಖಂಡಿತ. ಎತ್ತರದ ಚಾವಣಿಯ ಕಲ್ಲಿನ ಚರ್ಚಿನಲ್ಲಿ ಗೋಡೆಯೇ ಎಕೋ ಕೊಡುತ್ತದೆ. ಮಿಕ್ಸರಿನದನ್ನು ಪೂರ್ತಿ ಇಳಿಸಿ, ಲಯವನ್ನೂ ತುಸು ತಗ್ಗಿಸಿ. ಧಾರವಾಡದ ಜಡಿಮಳೆ ದಿನಗಳಲ್ಲಿ ತಬಲಾದ ತೊಗಲು ಥಂಡಿ ಹೀರಿ ಸಡಿಲಾಗುತ್ತದೆ, ರಾತ್ರಿ ಕೂಡಿಸಿದ ಸೂರು ಬೆಳಗಿನ ಆರಾಧನೆಗೆ ಉಳಿಯುವುದಿಲ್ಲ. ಅರ್ಧ ತಾಸು ಮುಂಚೆ ಬಂದು ಗಜರೆಯ (ತಬಲಾದ ಅಂಚಿನ ಹೆಣೆದ ತೊಗಲಿನ ಬಳೆ) ಸುತ್ತ ಸುತ್ತಿಗೆ ಆಡಿಸಿ.