ಟಿಇಟಿಗೆ ನಾನು ಓದಿದ್ದು ಹೀಗೆ

ಶಿಕ್ಷಕರ ಅರ್ಹತಾ ಪರೀಕ್ಷೆಗೆ, ಅಂದರೆ ಟಿಇಟಿಗೆ, ಹೇಗೆ ಓದಿದ್ರಿ ಅಂತ ಮೊದಲೆಲ್ಲ ಬಿ.ಇಡಿ. ಓದುವವರು ಕೇಳುತ್ತಿದ್ದರು. ಈಗ ನನಗಿಂತ ಹಿರಿಯ ಮೇಷ್ಟ್ರುಗಳೂ ಕೇಳುತ್ತಾರೆ. 2025ರ ಸೆಪ್ಟೆಂಬರ್ 1ರ ಸುಪ್ರೀಂ ಕೋರ್ಟ್ ತೀರ್ಪಿನಲ್ಲಿ, ನಿವೃತ್ತಿಗೆ ಐದು ವರ್ಷಕ್ಕಿಂತ ಜಾಸ್ತಿ ಇರುವ ಶಿಕ್ಷಕರೂ ಎರಡು ವರ್ಷದೊಳಗೆ ಟಿಇಟಿ ಪಾಸಾಗಬೇಕು ಅಂತ ಬಂತಲ್ಲ, ಆಮೇಲೆ ಸ್ಟಾಫ್ ರೂಮಿನ ಮಾತೆಲ್ಲ ಇದೇ. ಒಬ್ಬೊಬ್ಬರಿಗೆ ಹೇಳುವುದನ್ನು ಒಟ್ಟಿಗೇ ಬರೆದಿದ್ದೇನೆ.

ನಾನು ಬರೆದದ್ದು 6ರಿಂದ 8ನೇ ತರಗತಿಗೆ ಇರುವ ಎರಡನೇ ಪತ್ರಿಕೆ, ಸಮಾಜ ವಿಜ್ಞಾನ. 150 ಪ್ರಶ್ನೆ, 150 ಅಂಕ, ಎರಡೂವರೆ ಗಂಟೆ. ಸಮಾಜಕ್ಕೆ 60. ಕನ್ನಡಕ್ಕೆ, ಇಂಗ್ಲಿಷಿಗೆ, ನಾವೆಲ್ಲ ಸೈಕಾಲಜಿ ಅಂತ ಕರೆಯುವ 'ಶಿಶು ವಿಕಾಸ ಮತ್ತು ಬೋಧನಾಶಾಸ್ತ್ರ' ಭಾಗಕ್ಕೆ ತಲಾ 30. ಪಾಸಾಗಲು ಶೇ 60, ಅಂದರೆ 90 ಅಂಕ ಬೇಕು. ಎಸ್‌ಸಿ, ಎಸ್‌ಟಿ, ಪ್ರವರ್ಗ 1 ಮತ್ತು ಅಂಗವಿಕಲ ಅಭ್ಯರ್ಥಿಗಳಿಗೆ ಶೇ 55 ಸಾಕು. ಈ 90 ಒಟ್ಟು ಮೊತ್ತ. ಹಾಗಾಗಿ ಒಂದು ಭಾಗದಲ್ಲಿ ಕಡಿಮೆಯಾದರೆ ಇನ್ನೊಂದರಲ್ಲಿ ತುಂಬಿಸಿಕೊಳ್ಳಬಹುದು. ಕನ್ನಡ ಮಾಧ್ಯಮದಲ್ಲಿ ಓದಿದ ನನಗೆ ಇಂಗ್ಲಿಷ್ ಭಯವಿತ್ತು. ಸಮಾಜದಲ್ಲಿ 42, ಕನ್ನಡದಲ್ಲಿ 24, ಸೈಕಾಲಜಿಯಲ್ಲಿ 20 ಅಂತ ಗುರಿ ಇಟ್ಟುಕೊಂಡೆ. ಕೂಡಿಸಿದರೆ 86. ಅಷ್ಟು ಬಂದರೆ ಇಂಗ್ಲಿಷಿನಿಂದ ಬೇಕಾದ್ದು ನಾಲ್ಕೇ ಅಂಕ! ಈ ಲೆಕ್ಕ ಹಾಕಿದ ಮೇಲೆ ಭಯ ಅರ್ಧ ಇಳಿಯಿತು.

ಈ ಸೈಕಾಲಜಿ ಭಾಗವೇ ಹಲವರಿಗೆ ಕೈಕೊಡುವುದು. ಮಕ್ಕಳ ಬುದ್ಧಿ ಬೆಳೆಯುವ ಬಗ್ಗೆ ಪಿಯಾಜೆ ಹೇಳಿದ ನಾಲ್ಕು ಹಂತ, ನೈತಿಕ ಬೆಳವಣಿಗೆಯ ಬಗ್ಗೆ ಕೋಲ್‌ಬರ್ಗ್ ಹೇಳಿದ ಆರು ಹಂತ, ಕಲಿಕೆಯ ಪ್ರಯೋಗಗಳಲ್ಲಿ ಬರುವ ಪಾವ್ಲೋವ್‌ನ ನಾಯಿ, ಥಾರ್ನ್‌ಡೈಕ್‌ನ ಬೆಕ್ಕು, ಕೋಹ್ಲರ್‌ನ ಚಿಂಪಾಂಜಿ ಎಲ್ಲವನ್ನೂ ಗೈಡ್ ನೋಡಿ ಬಾಯಿಪಾಠ ಮಾಡುತ್ತಾರೆ. ಹೆಸರು ಕೇಳುವ ಪ್ರಶ್ನೆಗೆ ಅಷ್ಟು ಸಾಕು. ಆದರೆ ಸನ್ನಿವೇಶ ಕೊಟ್ಟು 'ಶಿಕ್ಷಕರಾಗಿ ನೀವೇನು ಮಾಡುವಿರಿ' ಅಂತ ಕೇಳಿದಾಗ ಬಾಯಿಪಾಠ ಕೆಲಸಕ್ಕೆ ಬರುವುದಿಲ್ಲ. ನಾನು ಮಾಡಿದ್ದು ಇಷ್ಟೇ. ಒಂದೊಂದು ತತ್ವವನ್ನೂ ಮಕ್ಕಳ ಹತ್ತಿರ ನೋಡಿದೆ. ಪಕ್ಕದ ಮನೆಯ ಯುಕೆಜಿ ಮಗುವಿನ ಎದುರು ಅಗಲ ಲೋಟದ ನೀರನ್ನು ಉದ್ದ ಲೋಟಕ್ಕೆ ಸುರಿದೆ. ನೀರು ಜಾಸ್ತಿ ಆಯ್ತು ಅಂದಿತು. ನಾಲ್ಕನೇ ತರಗತಿಯ ಅದರ ಅಕ್ಕ 'ಅಷ್ಟೇ ಇದೆ, ನೀವು ಬೇರೆ ನೀರು ಹಾಕಲೇ ಇಲ್ವಲ್ಲ' ಅಂದಳು. ಪಿಯಾಜೆ ಹೇಳಿದ, ಕಣ್ಣಿಗೆ ಕಂಡದ್ದನ್ನೇ ನಂಬುವ ಪೂರ್ವ ಕಾರ್ಯಾತ್ಮಕ ಹಂತ 2ರಿಂದ 7 ವರ್ಷ, ಮೂರ್ತ ಕಾರ್ಯಾತ್ಮಕ ಹಂತ 7ರಿಂದ 11 ವರ್ಷ ಎನ್ನುವುದನ್ನು ಮತ್ತೆ ಓದಬೇಕಾಗಲಿಲ್ಲ.

ನನ್ನ ತರಗತಿಯಲ್ಲಿ ಸಿಕ್ಕಿದ್ದನ್ನೇ ಪ್ರಶ್ನೆ ಮಾಡಿಕೊಳ್ಳುತ್ತಿದ್ದೆ. ಆಗ ನಾನು ಒಂದು ಖಾಸಗಿ ಶಾಲೆಯಲ್ಲಿ ಪಾಠ ಮಾಡುತ್ತಿದ್ದೆ. ತುಂಗಾ, ಭದ್ರಾ ನದಿಗಳು ಸೇರುವ ಕೂಡಲಿಯಿಂದ ಮುಂದೆ ತುಂಗಭದ್ರಾ ಉತ್ತರದ ಕಡೆ ಹರಿಯುತ್ತದೆ ಅಂದಾಗ ಒಬ್ಬ ಹುಡುಗ, 'ನಕ್ಷೆಯಲ್ಲಿ ಉತ್ತರ ಮೇಲಿದೆಯಲ್ಲ, ನೀರು ಮೇಲಕ್ಕೆ ಹೇಗೆ ಹತ್ತುತ್ತೆ?' ಅಂದ. ಶಿಕ್ಷಕರು ಏನು ಮಾಡಬೇಕು? ಸರಿ ಉತ್ತರ ಹೇಳಿ ಮುಂದೆ ಹೋಗುವುದೇ? ಹತ್ತು ಸಲ ಬರೆಸುವುದೇ? ನಕ್ಷೆಯನ್ನು ನೆಲದ ಮೇಲೆ ಹಾಸಿ, ನಕ್ಷೆಯಲ್ಲಿ 'ಮೇಲೆ' ಅನ್ನುವುದೂ ಬೆಟ್ಟದಲ್ಲಿ 'ಮೇಲೆ' ಅನ್ನುವುದೂ ಒಂದೇನಾ ಅಂತ ಅವನನ್ನೇ ಕೇಳುವುದೇ? ಹೀಗೆ ಆಯ್ಕೆಗಳನ್ನು ಬರೆದು, ಉಳಿದವು ಯಾಕೆ ತಪ್ಪು ಅಂತಲೂ ಒಂದು ಸಾಲು ಬರೆಯುತ್ತಿದ್ದೆ. ಮಗುವಿನ ಪರವಾಗಿರುವ ಆಯ್ಕೆ ಟಿಕ್ ಮಾಡಿ ಅಂತ ಕೋಚಿಂಗ್‌ನಲ್ಲಿ ಹೇಳಿಕೊಡುವ ಉಪಾಯ ಅರ್ಧ ದಾರಿಗೆ ಮಾತ್ರ. ನಾಲ್ಕರಲ್ಲಿ ಎರಡು ಆಯ್ಕೆ ಮಗುವಿನ ಪರವಾಗಿಯೇ ಇದ್ದರೆ ಏನು ಮಾಡ್ತೀರಿ?

ಸಮಾಜಕ್ಕೆ ಶಾಲೆಯ ಪಠ್ಯಪುಸ್ತಕವೇ ಆಧಾರ. ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಪಿಡಿಎಫ್ ಉಚಿತವಾಗಿ ಸಿಗುತ್ತದೆ. 6, 7, 8 ಮುಗಿಸಿ 9, 10ಕ್ಕೂ ಹೋದೆ, ಯಾಕೆಂದರೆ ಪ್ರಶ್ನೆಯ ಆಳ ಪ್ರೌಢಶಾಲೆಯವರೆಗೂ ಹೋಗುತ್ತದೆ. ಪ್ರತಿ ಪಾಠದ ಹಿಂದಿನ ಅಭ್ಯಾಸ, ನಕ್ಷೆ, ಚಿತ್ರದ ಕೆಳಗಿನ ಸಾಲು ಯಾವುದನ್ನೂ ಬಿಡಲಿಲ್ಲ. ಐಹೊಳೆ ಶಾಸನ ಬರೆದವನು ರವಿಕೀರ್ತಿ, ಅಶೋಕನ ಹೆಸರು ಸಿಕ್ಕಿದ್ದು ಮಸ್ಕಿ ಶಾಸನದಲ್ಲಿ, ಇಂಥವನ್ನು ಬಿಡಿಬಿಡಿಯಾಗಿ ಓದದೆ ರಾಜವಂಶದ ಜೊತೆ, ಜಾಗದ ಜೊತೆ ಸೇರಿಸಿ ನೋಟ್ಸ್ ಮಾಡಿದೆ.

ಆರ್‌ಟಿಇ, ಅಂದರೆ ಶಿಕ್ಷಣ ಹಕ್ಕು ಕಾಯ್ದೆಗೆ ಒಂದೇ ಹಾಳೆ. 2009ರ ಕಾಯ್ದೆ, ಜಾರಿಯಾದದ್ದು 2010ರ ಏಪ್ರಿಲ್ 1ಕ್ಕೆ, 6ರಿಂದ 14 ವರ್ಷದ ಮಕ್ಕಳು, ಸಂವಿಧಾನದ 21ಎ ವಿಧಿ.

ಇಂಗ್ಲಿಷಿಗೆ ವ್ಯಾಕರಣದ ದಪ್ಪ ಪುಸ್ತಕ ಮುಟ್ಟಲಿಲ್ಲ. ಹಳೆಯ ಪ್ರಶ್ನೆಪತ್ರಿಕೆಯ ಗದ್ಯ, ಪದ್ಯ ಭಾಗಗಳನ್ನು ದಿನಕ್ಕೊಂದು ಓದಿದೆ. ಮೊದಲು ಪ್ರಶ್ನೆ ನೋಡಿ, ಆಮೇಲೆ ಗದ್ಯಕ್ಕೆ ಹೋಗುವುದು ರೂಢಿಯಾಯಿತು. ಭಾಷೆ ಕಲಿಸುವ ವಿಧಾನದ ಪ್ರಶ್ನೆಗಳನ್ನು ಕನ್ನಡದಲ್ಲೇ ಅರ್ಥ ಮಾಡಿಕೊಂಡಿದ್ದರಿಂದ ಇಲ್ಲೂ ಅನುಕೂಲವಾಯಿತು.

ಪರೀಕ್ಷೆಯಲ್ಲಿ ಪ್ರಶ್ನೆಗೆ ಒಂದು ನಿಮಿಷ, ಓಎಂಆರ್ ಉತ್ತರ ಹಾಳೆಯಲ್ಲಿ ವೃತ್ತ ತುಂಬುವುದೂ ಅದರಲ್ಲೇ ಸೇರಿತು. ಒಂದೊಂದು ಭಾಗ ಮುಗಿದಂತೆ ವೃತ್ತ ತುಂಬುತ್ತಾ ಹೋದೆ. ಎಲ್ಲವನ್ನೂ ಕೊನೆಗೆ ಇಟ್ಟುಕೊಂಡರೆ ಕೈ ನಡುಗುತ್ತದೆ. ನೆಗೆಟಿವ್ ಅಂಕ ಇಲ್ಲದ್ದರಿಂದ ಒಂದು ಪ್ರಶ್ನೆಯನ್ನೂ ಖಾಲಿ ಬಿಡಲಿಲ್ಲ.

90 ಬಂತಲ್ಲ, ಸಾಕು ಅಂತ ಕೂರಬೇಡಿ. ಪ್ರಮಾಣಪತ್ರಕ್ಕೆ ಈಗ ಜೀವಮಾನದ ಮಾನ್ಯತೆ ಇದೆ ನಿಜ. ಆದರೆ 2022ರಲ್ಲಿ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ನೇಮಕಾತಿ ನಡೆದಾಗ ಟಿಇಟಿ ಅಂಕವೂ ಲೆಕ್ಕಕ್ಕೆ ಬಂತು. ಹೊಸದಾಗಿ ಕೆಲಸ ಹುಡುಕುವವರಿಗೆ 95ಕ್ಕೂ 115ಕ್ಕೂ ತುಂಬಾ ವ್ಯತ್ಯಾಸವಿದೆ. ಪಾಸಾದವರೇ ಅಂಕ ಹೆಚ್ಚಿಸಿಕೊಳ್ಳಲು ಮತ್ತೆ ಬರೆಯುವುದು ಇದಕ್ಕೇ. ಸೇವೆಯಲ್ಲಿರುವ ಮೇಷ್ಟ್ರುಗಳಿಗೆ ಆ ತಲೆಬಿಸಿ ಇಲ್ಲ, ಪಾಸಾದರೆ ಆಯಿತು. ಇಪ್ಪತ್ತು ವರ್ಷ ಮಕ್ಕಳ ಮುಂದೆ ನಿಂತವರು ನೀವು, ಸೈಕಾಲಜಿಯ ಪ್ರಶ್ನೆಗಳಿಂದಲೇ ಶುರು ಮಾಡಿ.