ಸ್ಟೆತೋಸ್ಕೋಪ್ ಕೊನೆಗೆ: ನಾನು ಹೃದಯ ಪರೀಕ್ಷೆ ಮಾಡುವ ರೀತಿ

ನಾನು ಕೆಲಸ ಮಾಡುವುದು ತಾಲ್ಲೂಕು ಆಸ್ಪತ್ರೆಯಲ್ಲಿ. ಇಲ್ಲಿ ಇಸಿಜಿ ಇದೆ, ಎಕ್ಸ್‌-ರೇ ಇದೆ, ಎಕೋ (ಹೃದಯದ ಸ್ಕ್ಯಾನ್) ಇಲ್ಲ. ಎಕೋಗೆ ಯಾರನ್ನು ಕಳಿಸಬೇಕು ಅಂತ ನನ್ನ ಕಣ್ಣು, ಕೈ, ಕಿವಿಯೇ ಹೇಳಬೇಕು. ಹಾಗಾಗಿ ಓಪಿಡಿಯಲ್ಲಿ ಎಷ್ಟೇ ಜನ ಇದ್ದರೂ ಈ ಪರೀಕ್ಷೆಯನ್ನು ನಾನು ಅವಸರ ಮಾಡುವುದಿಲ್ಲ.

ಮೊದಲು ನಾಡಿ. ಲಯ ತಪ್ಪುತ್ತಿದ್ದರೆ ಪೂರ್ತಿ ಒಂದು ನಿಮಿಷ ಎಣಿಸುತ್ತೇನೆ. ಬಡಿತಕ್ಕೆ ಯಾವ ಲೆಕ್ಕವೂ ಸಿಗದಿದ್ದರೆ ಏಟ್ರಿಯಲ್ ಫಿಬ್ರಿಲೇಷನ್ (ಹೃದಯದ ಮೇಲಿನ ಕೋಣೆಗಳು ಲಯ ತಪ್ಪಿ ಅದುರುವುದು) ಇರಬಹುದು. ಆಗ ಸಿಸ್ಟರ್ ಮಣಿಕಟ್ಟಿನಲ್ಲಿ ಎಣಿಸುತ್ತಾರೆ, ಅದೇ ನಿಮಿಷ ನಾನು ಎದೆಯ ಮೇಲೆ ಕೇಳಿ ಎಣಿಸುತ್ತೇನೆ. ಎದೆಯಲ್ಲಿ 130, ಕೈಯಲ್ಲಿ 105 ಬಂದರೆ ಕೆಲವು ಬಡಿತಗಳು ಕೈವರೆಗೆ ಬರುತ್ತಲೇ ಇಲ್ಲ ಅಂತ ಅರ್ಥ. ಚಿಕ್ಕ ವಯಸ್ಸಿನವರಿಗೆ ಬಿಪಿ ಜಾಸ್ತಿ ಇದ್ದರೆ ಮಣಿಕಟ್ಟು, ತೊಡೆಸಂದು ಎರಡರ ನಾಡಿಯನ್ನೂ ಒಟ್ಟಿಗೆ ಮುಟ್ಟಿ ನೋಡುತ್ತೇನೆ. ತೊಡೆಯದು ತಡವಾಗಿ, ಸಣ್ಣಗೆ ಬಂದರೆ ಮಹಾಧಮನಿ ಒಂದು ಕಡೆ ಕಿರಿದಾಗಿರಬಹುದು.

ಬಿಪಿಗೆ ಮುಂಚೆ ಐದು ನಿಮಿಷ ಸುಮ್ನೆ ಕೂರಿಸುತ್ತೇನೆ. ಬಸ್ ಇಳಿದು ಓಡೋಡಿ ಬಂದವರ ಬಿಪಿ ಹಿಡಿದು ಮಾತ್ರೆ ಬರೆಯುವುದು ಸರಿಯಲ್ಲ. ಪಟ್ಟಿಗೆ ಗಾಳಿ ತುಂಬುವಾಗ ಮಣಿಕಟ್ಟಿನಲ್ಲಿ ಬೆರಳಿಟ್ಟಿರುತ್ತೇನೆ. ನಾಡಿ ಮಾಯವಾದ ಮೇಲೆ ಇನ್ನೂ 30 ಏರಿಸಿ, ನಿಧಾನಕ್ಕೆ ಇಳಿಸುತ್ತೇನೆ. ಕೆಲವು ವಯಸ್ಸಾದವರಲ್ಲಿ ಸದ್ದು ಮಧ್ಯೆ ನಿಂತು ಮತ್ತೆ ಶುರುವಾಗುತ್ತದೆ. ಬೆರಳಿಡದೆ ನೋಡಿದರೆ 180 ಇರುವ ಅಜ್ಜಿಗೆ 140 ಅಂತ ಬರೆದುಬಿಡುವ ಅಪಾಯ ಇದೆ.

ಆಮೇಲೆ ಕುತ್ತಿಗೆ. ಮಂಚದ ತಲೆಭಾಗವನ್ನು 45 ಡಿಗ್ರಿ ಎತ್ತಿ, ಬಲಗಡೆ ಹೃದಯಕ್ಕೆ ರಕ್ತ ಮರಳಿಸುವ ನಾಳದ ಮಿಡಿತ ಎಲ್ಲಿಯವರೆಗೆ ಕಾಣುತ್ತದೆ ಅಂತ ನೋಡುತ್ತೇನೆ. ಎದೆಮೂಳೆಯ ಉಬ್ಬಿನಿಂದ ನೇರ ಮೇಲಕ್ಕೆ ಅಳೆದಾಗ 3 ಸೆಂಟಿಮೀಟರ್ ದಾಟಿದರೆ ಆ ನಾಳದಲ್ಲಿ ಒತ್ತಡ ಜಾಸ್ತಿಯೇ. ಇದನ್ನು ಕಲಿಯಲು ತಾಳ್ಮೆ ಬೇಕು, ಬೆಳಕೂ ಬೇಕು. ಕಿಟಕಿ ಪಕ್ಕದ ಮಂಚ ಇದಕ್ಕೇ ಇಟ್ಟುಕೊಂಡಿದ್ದೇನೆ.

ಈಗ ಎದೆ. ಹೆಣ್ಣುಮಕ್ಕಳಾದರೆ ಪರದೆ ಎಳೆದು, ಸಿಸ್ಟರ್ ಪಕ್ಕದಲ್ಲಿ ನಿಂತು, ಮೈಮೇಲೆ ಬೆಡ್‌ಶೀಟ್ ಹೊದಿಸಿದ ಮೇಲೆಯೇ ಮುಂದಿನ ಕೆಲಸ. ಏನು ಮಾಡುತ್ತೇನೆ ಅಂತ ಮೊದಲೇ ಹೇಳುತ್ತೇನೆ. ಸಂಕೋಚ ಆಗುತ್ತದೆ ಅಂತ ಸೀರೆಯ ಮೇಲೆಯೇ ಸ್ಟೆತೋಸ್ಕೋಪ್ ಇಟ್ಟರೆ ಬಟ್ಟೆಯ ಸರಸರ ಬಿಟ್ಟು ಹೆಚ್ಚೇನೂ ಕೇಳಿಸುವುದಿಲ್ಲ. ಹೀಗೆ ತಪ್ಪಿಹೋಗುವ ಕಾಯಿಲೆ ಅಂದರೆ ಮೈಟ್ರಲ್ ಸ್ಟೆನೋಸಿಸ್ (ಹೃದಯದ ಎಡಭಾಗದ ಎರಡು ಕೋಣೆಗಳ ನಡುವಿನ ವಾಲ್ವ್ ಕಿರಿದಾಗುವುದು). ಚಿಕ್ಕಂದಿನಲ್ಲಿ ಗಂಟಲು ನೋವು, ಅದರ ಬೆನ್ನಿಗೆ ಕೀಲು ಜ್ವರ, ವರ್ಷಗಳ ನಂತರ ವಾಲ್ವ್ ಕಿರಿದು. ಬಸುರಿಯಾದಾಗ ರಕ್ತದ ಪ್ರಮಾಣವೂ ಬಡಿತವೂ ಏರಿ, ಅಲ್ಲಿಯವರೆಗೆ ಅಡಗಿದ್ದದ್ದು ಹೊರಗೆ ಬರುತ್ತದೆ. ನಾಲ್ಕು ಹೆಜ್ಜೆಗೆ ಏದುಸಿರು. "ಬಸುರಿಯರಿಗೆ ಇದೆಲ್ಲ ಇದ್ದದ್ದೇ" ಅಂತ ಮನೆಯವರೂ ಹೇಳುತ್ತಾರೆ, ಕೆಲವೊಮ್ಮೆ ನಾವೂ ಹೇಳುತ್ತೇವೆ. ಇದು ನನಗೆ ತುಂಬಾ ಸಂಕಟದ ವಿಷಯ.

ಆ ಸದ್ದು ಕೇಳಲು ಒಂದು ಕ್ರಮ ಇದೆ. "ಅಮ್ಮಾ, ಎಡಮಗ್ಗುಲಿಗೆ ತಿರುಗಿ. ಉಸಿರು ಪೂರ್ತಿ ಬಿಟ್ಟು ಹಾಗೇ ಹಿಡಿದುಕೊಳ್ಳಿ." ಹೃದಯದ ತುದಿ ಬಡಿಯುವ ಜಾಗವನ್ನು ಬೆರಳಿನಿಂದ ಹುಡುಕಿ, ಅಲ್ಲಿ ಸ್ಟೆತೋಸ್ಕೋಪ್‌ನ ಬಟ್ಟಲಿನಂಥ ಬದಿಯನ್ನು, ಅಂದರೆ ಬೆಲ್ ಅನ್ನು, ಹಗುರವಾಗಿ ಇಡುತ್ತೇನೆ. ಒತ್ತಿದರೆ ಚರ್ಮ ಬಿಗಿಯಾಗಿ ತಗ್ಗು ಸದ್ದು ಹೋಗಿಬಿಡುತ್ತದೆ. ಮೊದಲ ಸದ್ದು ಜೋರಾಗಿದ್ದು, ಎರಡನೆಯದರ ನಂತರ ದೂರದ ಗುಡುಗಿನಂಥ ಮೊರೆತ ಬಂದರೆ ಅದೇ. ಮಲಗಿದ್ದಾಗ ಕೇಳದಿದ್ದದ್ದು ಮಗ್ಗುಲಾದಾಗ ಸ್ಪಷ್ಟವಾಗಿ ಕೇಳಿದ್ದನ್ನು ಎಷ್ಟೋ ಸಲ ಕಂಡಿದ್ದೇನೆ. ಅಯೋರ್ಟಿಕ್ ವಾಲ್ವ್ (ಮಹಾಧಮನಿಯ ಬಾಯಲ್ಲಿರುವುದು) ಸೋರುವುದನ್ನು ಕೇಳಲು ಇದರ ಉಲ್ಟಾ: ಎದ್ದು ಕೂತು, ಮುಂದಕ್ಕೆ ಬಾಗಿ, ಉಸಿರು ಬಿಟ್ಟು ಹಿಡಿಯಬೇಕು. ಎದೆಮೂಳೆಯ ಎಡ ಅಂಚಿನಲ್ಲಿ ಸ್ಟೆತೋಸ್ಕೋಪಿನ ಚಪ್ಪಟೆ ಬದಿಯನ್ನು, ಅಂದರೆ ಡಯಾಫ್ರಾಮ್ ಅನ್ನು, ಒತ್ತಿ ಇಡಬೇಕು.

ಕೊನೆಗೆ ಬೆನ್ನಿನ ಕೆಳಭಾಗದಲ್ಲಿ ಶ್ವಾಸಕೋಶದ ಬುಡ ಕೇಳಿ, ಕಾಲಿನ ಬಾವು ನೋಡುತ್ತೇನೆ. ಹಾಸಿಗೆ ಹಿಡಿದವರ ಕಾಲು ಮಾತ್ರ ನೋಡಿದರೆ ಸಾಲದು, ಸೊಂಟದ ಹಿಂಭಾಗವನ್ನೂ ಒತ್ತಿ ನೋಡಬೇಕು.

ರಕ್ತ ಕಡಿಮೆ ಇರುವವರಲ್ಲಿ ಹೃದಯ ಹಿಂಡುವ ಹೊತ್ತಿನಲ್ಲಿ, ಅಂದರೆ ಸಿಸ್ಟೋಲ್‌ನಲ್ಲಿ ಮೆಲುವಾದ ಮರ್ಮರ್ (ರಕ್ತ ಹರಿಯುವ ಸುಯ್ ಸದ್ದು) ಬರುವುದುಂಟು. ಬೇರೆ ಏನೂ ಇಲ್ಲದಿದ್ದರೆ ಕಬ್ಬಿಣದ ಮಾತ್ರೆ ಕೊಟ್ಟು ಮತ್ತೆ ಕರೆಸಿ ಕೇಳುತ್ತೇನೆ. ಹೃದಯ ಸಡಿಲಾಗುವ ಹೊತ್ತಿನಲ್ಲಿ, ಅಂದರೆ ಡಯಾಸ್ಟೋಲ್‌ನಲ್ಲಿ ಕೇಳಿಸಿದರೆ ಮಾತ್ರ ಕಾಯುವುದಿಲ್ಲ. ಅವತ್ತೇ ಎಕೋಗೆ ಚೀಟಿ ಬರೆಯುತ್ತೇನೆ, ಎಲ್ಲಿ, ಯಾವ ಭಂಗಿಯಲ್ಲಿ ಕೇಳಿಸಿತು ಅಂತಲೂ ಅದರಲ್ಲೇ ಬರೆಯುತ್ತೇನೆ.